ಮೈಗೆ ಮದ್ದು ಒಗ್ಗಿಹೋಗುತ್ತದೆಯೇ? ಓದುಗರ ಪ್ರಶ್ನೆ, ಸೂಕ್ಷ್ಮಾಣು ವಿಜ್ಞಾನದ ಅಧ್ಯಾಪಕರ ಉತ್ತರ

ಈ ಬಾರಿ ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆಂಟಿಬಯೋಟಿಕ್ ಔಷಧಗಳು ಮೊದಲಿನಂತೆ ನಾಟುತ್ತಿಲ್ಲ ಎಂಬ ದೂರನ್ನೇ ಹೊತ್ತಿವೆ. ನಾನು ತರಗತಿಯಲ್ಲಿ ಕಲಿಸುವುದೂ ಪ್ರಯೋಗಾಲಯದಲ್ಲಿ ಹುಡುಕುವುದೂ ಇದನ್ನೇ ಆದ್ದರಿಂದ ಆ ಪತ್ರಗಳನ್ನೇ ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ನಾನು ವೈದ್ಯನಲ್ಲ. ಯಾರು ಯಾವ ಮಾತ್ರೆ ನುಂಗಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ನುಂಗಿದ ಮಾತ್ರೆ ಏಕೆ ಸೋಲುತ್ತದೆ ಎಂಬುದನ್ನು ಮಾತ್ರ ತಿಳಿದಷ್ಟು ವಿವರಿಸಬಲ್ಲೆ.

ಪ್ರಶ್ನೆ: ಕೆಲವು ವರ್ಷಗಳಿಂದ ನನಗೆ ಆಗಾಗ ಉರಿಮೂತ್ರದ ತೊಂದರೆ ಬರುತ್ತಿದೆ. ಮೊದಲೆಲ್ಲ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆಯಿಂದ ಗುಣವಾಗುತ್ತಿತ್ತು, ಈಗ ಆಗುವುದಿಲ್ಲ. ಮೈಗೆ ಆ ಮದ್ದು ಒಗ್ಗಿಹೋಗಿದೆ ಎಂದು ಮನೆಯವರು ಹೇಳುತ್ತಾರೆ. ಮೂತ್ರದ ಕಲ್ಚರ್ ಪರೀಕ್ಷೆಯ ವರದಿ ಬರಲು ಮೂರು ದಿನ ಹಿಡಿಯಿತು. ಅದರಲ್ಲಿ ಔಷಧಗಳ ಎದುರು ‘ಎಸ್’, ‘ಆರ್’ ಎಂಬ ಅಕ್ಷರಗಳಿವೆ. ಇದನ್ನು ಹೇಗೆ ಓದಬೇಕು? (ನಿವೃತ್ತ ಶಿಕ್ಷಕರು, ನೀರ್ಚಾಲು)

ಉತ್ತರ: ನಿಮ್ಮ ಮನೆಯವರು ಹೇಳಿದ ಮಾತನ್ನು ನಾನು ಊರಿನ ಪ್ರತಿಯೊಂದು ಚಾವಡಿಯಲ್ಲೂ ಕೇಳಿದ್ದೇನೆ, ಮೊದಲ ವರ್ಷದ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲೂ ಓದಿದ್ದೇನೆ. ಮೈ ಮದ್ದಿಗೆ ಒಗ್ಗಿಕೊಂಡಿಲ್ಲ. ಪ್ರತಿರೋಧವನ್ನು ಪಡೆದಿರುವುದು ನಿಮ್ಮ ದೇಹವಲ್ಲ, ನಿಮ್ಮ ಮೂತ್ರಕೋಶಕ್ಕೆ ಸೇರಿಕೊಂಡಿರುವ ಬ್ಯಾಕ್ಟೀರಿಯಾ. ಈ ಎರಡು ಮಾತುಗಳ ನಡುವಣ ವ್ಯತ್ಯಾಸ ಬರಿಯ ಪದಗಳದ್ದಲ್ಲ. ಮೈಗೆ ಒಗ್ಗಿದ್ದೆಂದರೆ ಅದು ನಿಮ್ಮೊಬ್ಬರ ಕಷ್ಟವಾಗಿ ಮುಗಿಯುತ್ತಿತ್ತು. ಬ್ಯಾಕ್ಟೀರಿಯಾ ಪ್ರತಿರೋಧ ಪಡೆದಿದ್ದರೆ ಅದು ಕೈಯಿಂದ, ನೀರಿನಿಂದ, ಶೌಚಾಲಯದಿಂದ ಇನ್ನೊಬ್ಬರನ್ನು ತಲುಪಬಹುದು, ಮತ್ತು ಜೀವನದಲ್ಲಿ ಒಮ್ಮೆಯೂ ಆ ಮಾತ್ರೆ ನುಂಗದ ನಿಮ್ಮ ಮೊಮ್ಮಗಳಿಗೂ ಆ ಮಾತ್ರೆ ನಾಟದೆ ಹೋಗಬಹುದು.

ಮೂತ್ರದ ಸೋಂಕಿಗೆ ಬಹುತೇಕ ಕಾರಣವಾಗುವ ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲೇ ವಾಸಿಸುವ ಜೀವಿ. ನೀವು ಮೂತ್ರಕೋಶಕ್ಕೆಂದು ನುಂಗಿದ ಮಾತ್ರೆ ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನೂ ಮುಟ್ಟುತ್ತದೆ. ಅಲ್ಲಿ ದುರ್ಬಲವಾದವು ಸತ್ತು, ಸಿಪ್ರೋಫ್ಲಾಕ್ಸಾಸಿನ್ ಅಂಟಿಕೊಳ್ಳಬೇಕಾದ ಕಿಣ್ವದ ಆಕಾರ ಸ್ವಲ್ಪ ಬದಲಾಗಿರುವಂಥವು ಉಳಿದು, ತೆರವಾದ ಜಾಗವನ್ನು ತುಂಬಿಕೊಳ್ಳುತ್ತವೆ. ಮಾತ್ರೆ ನಿಲ್ಲಿಸಿ ತಿಂಗಳುಗಳು ಕಳೆದರೂ ಅವು ಕರುಳಿನಲ್ಲಿ ಉಳಿದುಕೊಂಡಿರಬಹುದು. ಮುಂದಿನ ಸಲ ಮೂತ್ರಕೋಶಕ್ಕೆ ಏರುವುದು ಅವುಗಳ ಸಂತತಿಯೇ.

ಈಗ ವರದಿಯ ವಿಚಾರ. ಮೂತ್ರವನ್ನು ಅಳತೆಯ ತಂತಿಕುಣಿಕೆಯಿಂದ ಪೋಷಕಾಂಶದ ತಟ್ಟೆಯ ಮೇಲೆ ಗೆರೆಯೆಳೆದು ಒಂದು ರಾತ್ರಿ ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣುವ ಗುಂಪುಗಳಾಗಿ ಬೆಳೆಯುತ್ತವೆ. ಅದು ಮೊದಲ ದಿನ. ಅವು ಯಾವುವು, ಎಷ್ಟಿವೆ ಎಂದು ಗುರುತಿಸಿ, ಒಂದು ನಿಗದಿತ ಕದಡಿಕೆಯ ದ್ರಾವಣ ಮಾಡಿ, ಮುಲ್ಲರ್–ಹಿಂಟನ್ ಅಗರ್ ಎಂಬ ಜೆಲ್ಲಿಯಂಥ ಮಾಧ್ಯಮದ ಮೇಲೆಲ್ಲ ಸವರಿ, ಒಂದೊಂದು ಔಷಧವನ್ನು ಹೀರಿಕೊಂಡಿರುವ 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡುತ್ತೇವೆ. ಇನ್ನೊಂದು ರಾತ್ರಿ, ಅಂದರೆ ಹದಿನಾರು ಹದಿನೆಂಟು ಗಂಟೆ, ಕಾಯಬೇಕು. ಔಷಧ ಅಗರಿನೊಳಗೆ ಹರಡಿದಷ್ಟು ದೂರ ಬ್ಯಾಕ್ಟೀರಿಯಾ ಬೆಳೆಯದೆ ಬಿಲ್ಲೆಯ ಸುತ್ತ ಒಂದು ಖಾಲಿ ವೃತ್ತ ಮೂಡುತ್ತದೆ. ಆ ವೃತ್ತದ ವ್ಯಾಸವನ್ನು ಅಳೆದು, ಪ್ರತಿ ಔಷಧಕ್ಕೂ ಬೇರೆಬೇರೆಯಾಗಿ ನಿಗದಿಯಾಗಿರುವ ಅಂಕಿಗಳೊಡನೆ ಹೋಲಿಸಿ ‘ಎಸ್’ ಅಥವಾ ‘ಆರ್’ ಎಂದು ಬರೆಯುತ್ತಾರೆ. ‘ಎಸ್’ ಎಂದರೆ ಸಾಮಾನ್ಯ ಪ್ರಮಾಣದ ಔಷಧಕ್ಕೆ ಆ ಬ್ಯಾಕ್ಟೀರಿಯಾ ಮಣಿಯುವ ನಿರೀಕ್ಷೆಯಿದೆ ಎಂದು; ‘ಆರ್’ ಎಂದರೆ ಮಣಿಯುವುದಿಲ್ಲ ಎಂದು. ಬಾಯರ್, ಕಿರ್ಬಿ ಮತ್ತು ಅವರ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಇಂದಿಗೂ ನಮ್ಮ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯುತ್ತಾರೆ. ದೊಡ್ಡ ವೃತ್ತ ಬಂದ ಔಷಧವೇ ಹೆಚ್ಚು ಬಲಶಾಲಿ ಎಂದು ಅವರಲ್ಲಿ ಅನೇಕರು ಮೊದಲು ತಪ್ಪಾಗಿ ಬರೆಯುತ್ತಾರೆ. ಒಂದು ಔಷಧದ ಅಣು ಅಗರಿನಲ್ಲಿ ಬೇಗ ಹರಡುತ್ತದೆ, ಇನ್ನೊಂದರದು ನಿಧಾನ. ಆದ್ದರಿಂದ ಎರಡು ಔಷಧಗಳ ವೃತ್ತಗಳನ್ನು ಪರಸ್ಪರ ಹೋಲಿಸಲಾಗದು. ನಿಮ್ಮ ವರದಿಯಲ್ಲಿ ಹಲವು ‘ಎಸ್’ಗಳಿದ್ದರೆ ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ವೈದ್ಯರ ನಿರ್ಧಾರ, ಕೆಲಸ ಸಾಗುವಷ್ಟರ ಮಟ್ಟಿಗೆ ಸಣ್ಣ ವ್ಯಾಪ್ತಿಯ, ಅಂದರೆ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳನ್ನು ಮುಟ್ಟುವ, ಹಳೆಯ ಔಷಧವನ್ನು ಅವರು ಬರೆದುಕೊಟ್ಟರೆ ಅದನ್ನು ಕಡಿಮೆ ಆರೈಕೆಯೆಂದು ಭಾವಿಸಬೇಡಿ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. ವಯಸ್ಸಾದವರಲ್ಲಿ ಉರಿ, ಜ್ವರ, ನೋವು ಏನೂ ಇಲ್ಲದಿರುವಾಗಲೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವುದುಂಟು. ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಮುಂತಾದ ಕೆಲವರನ್ನು ಬಿಟ್ಟರೆ, ಲಕ್ಷಣವಿಲ್ಲದ ಇಂಥ ಸ್ಥಿತಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಮನಸ್ಸಮಾಧಾನಕ್ಕೆಂದು ಆಗಾಗ ಕಲ್ಚರ್ ಮಾಡಿಸಿ, ಬಂದ ವರದಿಗೆಲ್ಲ ಮಾತ್ರೆ ನುಂಗುತ್ತ ಹೋಗುವುದರಿಂದ ಮುಂದಿನ ವರದಿಯಲ್ಲಿ ‘ಆರ್’ ಅಕ್ಷರ ಹೆಚ್ಚಾಗುತ್ತದೆ.

ಪ್ರಶ್ನೆ: ಕಳೆದ ಬಾರಿ ಉಳಿದ ಅಜಿಥ್ರೋಮೈಸಿನ್ ಮಾತ್ರೆಗಳು ಮನೆಯಲ್ಲಿವೆ. ಮಕ್ಕಳಿಗೆ ಶೀತ, ಕೆಮ್ಮು ಬಂದಾಗ ಕೊಡಬಹುದೇ? ಈಗ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವುದಿಲ್ಲ. (ಗೃಹಿಣಿ, ಪೆರ್ಲ)

ಉತ್ತರ: ಕೊಡಬಾರದು. ಶೀತ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ಔಷಧಕ್ಕೆ ವೈರಸ್‌ನಲ್ಲಿ ಹಿಡಿಯಲು ಗುರಿಯೇ ಇಲ್ಲ. ಕೊಟ್ಟ ಮೂರನೆಯ ದಿನ ಮಗು ಚೇತರಿಸಿಕೊಂಡರೆ ಅದು ಹೇಗೂ ಚೇತರಿಸಿಕೊಳ್ಳುತ್ತಿತ್ತು. ಅಂಗಡಿಯವರ ಮೇಲೆ ಬೇಸರಪಡಬೇಡಿ. ಆಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂಬ ನಿಯಮ ಹಿಂದಿನಿಂದಲೂ ಇದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್-1 ಎಂಬ ಔಷಧಗಳ ಪಟ್ಟಿಯ ನಿಯಮದ ಪ್ರಕಾರ ಸೆಫಿಕ್ಸಿಮ್‌ನಂಥ ಔಷಧಗಳನ್ನು ಮಾರುವಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಅದನ್ನು ಮೂರು ವರ್ಷ ಕಾಯ್ದಿಡಬೇಕು. ಕೇರಳ 2018ರಲ್ಲಿ ಈ ವಿಷಯಕ್ಕೆಂದೇ ರಾಜ್ಯಮಟ್ಟದ ಕ್ರಿಯಾಯೋಜನೆಯನ್ನು ರೂಪಿಸಿತು, 2024ರ ಆರಂಭದಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಔಷಧದಂಗಡಿಗಳ ತಪಾಸಣೆಯನ್ನೂ ತೊಡಗಿತು. ಇದನ್ನೆಲ್ಲ ತಿಳಿಸುವ ಸೂಚನಾ ಪತ್ರಗಳು ನಮ್ಮ ಎಣ್ಮಕಜೆ, ಪೈವಳಿಕೆ, ಬದಿಯಡ್ಕದಂಥ ಕಡೆಗಳಲ್ಲಿ ಕನ್ನಡದಲ್ಲೂ ಗೋಡೆಯ ಮೇಲೆ ಕಾಣಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಮಲಯಾಳ ಓದಲು ಬಾರದ ಹಿರಿಯರೇ ಮನೆಯ ಮದ್ದಿನ ಡಬ್ಬಿಯ ಯಜಮಾನರು.

ಪ್ರಶ್ನೆ: ಹಸುವಿಗೆ ಕೆಚ್ಚಲು ಬಾವು ಬಂದು ಪಶುವೈದ್ಯರು ಮೊಲೆಯೊಳಗೆ ಟ್ಯೂಬ್ ಹಾಕಿದರು. ಕೆಲವು ದಿನ ಹಾಲು ಕೊಡಬೇಡಿ ಎಂದರು. ಕುದಿಸಿದರೆ ಸಾಲದೇ? ಆ ಹಾಲನ್ನು ಕರುವಿಗೆ ಕುಡಿಸುತ್ತಿದ್ದೇವೆ. (ಹೈನುಗಾರರು, ಪೈವಳಿಕೆ)

ಉತ್ತರ: ಕುದಿಸುವುದರಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಹಾಲಿಗೆ ಇಳಿದಿರುವ ಔಷಧದ ಬಹುಭಾಗ ಹಾಗೆಯೇ ಉಳಿಯುತ್ತದೆ. ಮನೆಯಲ್ಲಿಯೇ ನೀವು ಇದರ ಕುರುಹನ್ನು ಕಂಡಿರಬಹುದು: ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಗಟ್ಟಿಯಾಗುವುದಿಲ್ಲ, ಏಕೆಂದರೆ ಮೊಸರು ಮಾಡುವ ಬ್ಯಾಕ್ಟೀರಿಯಾಗಳನ್ನೂ ಆ ಔಷಧ ತಡೆಯುತ್ತದೆ. ಔಷಧದ ಹೊದಿಕೆಯ ಮೇಲೆ ಹಾಲನ್ನು ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಅಂಥ ಅವಧಿ ಖಚಿತವಾಗಿ ನಿಗದಿಯಾಗಿರದ ಔಷಧಗಳಿಗೆ ನಮ್ಮ ದೇಶದ ನಿಯಮ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ಹೇಳುತ್ತದೆ. ಕರುವಿಗೆ ಕುಡಿಸುವುದು ಹಾಲು ವ್ಯರ್ಥವಾಗದಿರಲೆಂಬ ಒಳ್ಳೆಯ ಮನಸ್ಸಿನಿಂದಲೇ ಆದರೂ, ಸ್ವಲ್ಪಸ್ವಲ್ಪ ಔಷಧ ದಿನವೂ ಕರುಳಿಗೆ ಹೋಗುವುದು ಪ್ರತಿರೋಧವಿರುವ ಬ್ಯಾಕ್ಟೀರಿಯಾಗಳನ್ನು ಆರಿಸಿ ಬೆಳೆಸುವುದಕ್ಕೆ ತಕ್ಕ ಏರ್ಪಾಡು. ಆ ಕರುವಿನ ಸೆಗಣಿ ನಿಮ್ಮ ಹಟ್ಟಿಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ.

ಪ್ರಶ್ನೆ: ಅಡಿಕೆಗೆ ಮೈಲುತುತ್ತು ಹೊಡೆಯುವುದರಿಂದಲೂ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಬರುತ್ತದೆ ಎಂದು ಎಲ್ಲೋ ಓದಿದೆ. ಕೊಳೆರೋಗ ಹೆಚ್ಚಾದಾಗ ಕೆಲವರು ಸ್ಟ್ರೆಪ್ಟೋಸೈಕ್ಲಿನ್ ಕೂಡ ಬೆರೆಸುತ್ತಾರೆ. ಇದು ಸರಿಯೇ? (ಕೃಷಿಕರು, ಮುಳ್ಳೇರಿಯ)

ಉತ್ತರ: ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಕೊಳೆರೋಗದ ಕಾರಣ ಫೈಟೋಫ್ತೊರಾ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆಯೇ ಅದನ್ನು ಅಭ್ಯಸಿಸಿ, 1910ರಲ್ಲಿ ಪ್ರಕಟಿಸಿ, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ಫೈಟೋಫ್ತೊರಾ ಬ್ಯಾಕ್ಟೀರಿಯಾ ಅಲ್ಲ. ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವೂ ಅಲ್ಲದ, ಕಂದು ಪಾಚಿಗಳಿಗೆ ದೂರದ ನೆಂಟನಾದ ಜೀವಿ. ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಯನ್ನು ತಡೆಯುವ ಔಷಧಗಳು. ಕೊಳೆರೋಗಕ್ಕೂ ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೂ ಅವುಗಳನ್ನು ಬೆರೆಸುವುದು ಹಣ ವ್ಯರ್ಥ ಮಾಡಿದಂತೆ, ಮತ್ತು ಮನುಷ್ಯರಿಗೆ ಬೇಕಾದ ಔಷಧಗಳನ್ನು ಮಳೆನೀರಿನೊಡನೆ ತೋಡಿಗೆ ಹರಿಸಿದಂತೆ. ಈ ಭಾಗಕ್ಕೆ ನನ್ನ ಉತ್ತರ ನಿಸ್ಸಂದೇಹವಾಗಿ ಬೇಡ ಎಂದೇ.

ಮೈಲುತುತ್ತಿನ ಪ್ರಶ್ನೆ ಸೂಕ್ಷ್ಮವಾದದ್ದು. ಅದರಲ್ಲಿರುವ ತಾಮ್ರ ಆಂಟಿಬಯೋಟಿಕ್ ಅಲ್ಲ, ಆದರೆ ಬ್ಯಾಕ್ಟೀರಿಯಾಗಳಿಗೆ ವಿಷ. ಅದರಿಂದ ಪಾರಾಗುವ ಜೀನ್‌ಗಳು ಅವುಗಳಲ್ಲಿವೆ. ಆ ಜೀನ್‌ಗಳು ಕೆಲವೊಮ್ಮೆ ಆಂಟಿಬಯೋಟಿಕ್ ಪ್ರತಿರೋಧದ ಜೀನ್‌ಗಳೊಡನೆ ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಸಣ್ಣ ಡಿ.ಎನ್.ಎ. ಉಂಗುರ) ಮೇಲೆ, ಒಂದೇ ದಾರದಲ್ಲಿ ಪೋಣಿಸಿದ ಎರಡು ಮಣಿಗಳಂತೆ ಇರುತ್ತವೆ. ಡೆನ್ಮಾರ್ಕಿನಲ್ಲಿ ತಾಮ್ರ ಬೆರೆಸಿದ ಮೇವು ತಿಂದ ಹಂದಿಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಇಂಥ ಜೋಡಿಯನ್ನು ವಿಜ್ಞಾನಿಗಳು ಕಂಡಿದ್ದಾರೆ. ಹಾಗಿರುವಾಗ ತಾಮ್ರವೊಂದೇ ಇದ್ದರೂ ಎರಡೂ ಉಳಿಯುತ್ತವೆ. ಹಾಗೆಂದು ಮುಂಗಾರಿನ ಮೊದಲು ಮತ್ತು ನಡುವೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅದಿಲ್ಲದೆ ಆಟಿ ತಿಂಗಳಲ್ಲಿ ಗೊನೆಗಳು ಏನಾಗುತ್ತವೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಸುಣ್ಣ ಸರಿಯಾಗಿ ಬೆರೆತಿದೆಯೇ ಎಂದು ಪರೀಕ್ಷಿಸಿ, ಗೊನೆಗೆ ಮಾತ್ರ, ಬೇಕಾದಷ್ಟು ಬಾರಿ ಮಾತ್ರ ಹೊಡೆಯುವುದು, ಉಳಿದದ್ದನ್ನು ತೋಡಿಗೆ ಚೆಲ್ಲದಿರುವುದು ಸಾಧ್ಯವಿದೆ. ತಲೆಮಾರುಗಳಿಂದ ತಾಮ್ರ ಬಿದ್ದಿರುವ ನಮ್ಮ ತೋಟಗಳ ಮಣ್ಣಿನಲ್ಲಿ ಯಾವ ಬ್ಯಾಕ್ಟೀರಿಯಾಗಳು ಯಾವ ಜೀನ್‌ಗಳನ್ನು ಹೊತ್ತಿವೆ ಎಂಬುದು ಒಬ್ಬ ಸಂಶೋಧನಾ ವಿದ್ಯಾರ್ಥಿ ಹಲವು ವರ್ಷ ಕೊಡಬಹುದಾದ ಪ್ರಶ್ನೆ. ನಿಮ್ಮ ಪತ್ರವನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೇನೆ.

ಪ್ರಶ್ನೆ: ನಮ್ಮದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ನೆರೆಯವರು ಮೇಲಿನ ಜಾಗದಲ್ಲಿ ಶೌಚದ ಗುಂಡಿ ತೋಡಿದ್ದಾರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೀರಿಗೆ ಬಂದರೆ ಕುದಿಸಿದರೂ ಸಾಯುವುದಿಲ್ಲವೇ? (ಎಣ್ಮಕಜೆ)

ಉತ್ತರ: ಸಾಯುತ್ತದೆ. ಆಂಟಿಬಯೋಟಿಕ್‌ಗೆ ಬಗ್ಗದಿರುವುದೆಂದರೆ ಬೆಂಕಿಗೆ ಬಗ್ಗದಿರುವುದೆಂದು ಅರ್ಥವಲ್ಲ. ಕುದಿಯುವ ನೀರಿನಲ್ಲಿ ಎರಡು ಬಗೆಯ ಇ. ಕೋಲೈಯೂ ಒಂದೇ ರೀತಿ ಸಾಯುತ್ತವೆ. ಸರಿಯಾದ ಪ್ರಮಾಣದ ಬ್ಲೀಚಿಂಗ್ ಪುಡಿಯೂ ಕೆಲಸ ಮಾಡುತ್ತದೆ. ಸುರಂಗದ ನೀರು ತಂಪಾಗಿ ತಿಳಿಯಾಗಿದ್ದರೂ ನಮ್ಮ ಮುರಕಲ್ಲು ರಂಧ್ರಗಳ ಕಲ್ಲು, ಮಳೆಗಾಲದಲ್ಲಿ ಮೇಲಿನದೆಲ್ಲ ಬೇಗನೆ ಕೆಳಗಿಳಿಯುತ್ತದೆ. ಕೇರಳದ ಕಟ್ಟಡ ನಿಯಮಗಳು ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 7.5 ಮೀಟರ್ ಅಂತರ ಕೇಳುತ್ತವೆ, ಆದರೆ ಇಳಿಜಾರಿನಲ್ಲಿ ಮೇಲ್ಗಡೆಯೇ ಗುಂಡಿಯಿದ್ದರೆ ಆ ಅಂತರದಿಂದ ನನಗೆ ಸಮಾಧಾನವಾಗದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಒಂದೇ ಒಂದು ಇ. ಕೋಲೈ ಕೂಡ ಇರಬಾರದು. ಮಳೆ ಹಿಡಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ, ಅಲ್ಲಿಯ ತನಕ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಕೋರ್ಸ್ ಪೂರ್ತಿ ಮುಗಿಸಬೇಕೆಂದು ಹಿಂದೆ ಹೇಳುತ್ತಿದ್ದರು. ಈಗ ಕಡಿಮೆ ದಿನ ಸಾಕು ಎನ್ನುತ್ತಾರೆ. ಯಾವುದು ಸತ್ಯ? ಕ್ಷಯಕ್ಕೆ ಮಾತ್ರ ಆರು ತಿಂಗಳು ಏಕೆ? (ಮಂಜೇಶ್ವರ)

ಉತ್ತರ: ಯಾವ ಸೋಂಕು ಎಂಬುದರ ಮೇಲೆ ಉತ್ತರ ನಿಂತಿದೆ. ಹೆಚ್ಚು ದಿನ ನುಂಗಿದಷ್ಟೂ ಪ್ರತಿರೋಧ ಕಡಿಮೆಯಾಗುತ್ತದೆಂಬ ಹಳೆಯ ನಂಬಿಕೆಗೆ ಹೆಚ್ಚಿನ ಸೋಂಕುಗಳಲ್ಲಿ ಆಧಾರ ದೊರೆತಿಲ್ಲ. ಸಾಮಾನ್ಯ ನ್ಯುಮೋನಿಯಾದಲ್ಲಿ ಚೇತರಿಸಿಕೊಳ್ಳುತ್ತಿರುವ ರೋಗಿಗೆ ಐದು ದಿನವೇ ಸಾಕಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಪೆನ್ಸಿಲಿನ್ ಮಾತ್ರೆಯನ್ನು ಹತ್ತು ದಿನ ಕೊಡುವುದು ಮುಂದೆ ಹೃದಯದ ಕವಾಟ ಕೆಡದಿರಲೆಂಬ ಬೇರೆ ಕಾರಣಕ್ಕೆ. ಆದ್ದರಿಂದ ದಿನಗಳನ್ನು ವೈದ್ಯರು ಎಣಿಸಲಿ, ನಾವು ಅರ್ಧಕ್ಕೆ ಬಿಡುವುದೂ ಬೇಡ, ಮುಂದುವರಿಸುವುದೂ ಬೇಡ.

ಕ್ಷಯದ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟು ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ರೋಗಿಗಳು ಮೊದಲು ಚೇತರಿಸಿಕೊಂಡರು, ಬಳಿಕ ಅವರಲ್ಲಿ ಅನೇಕರ ಕಫದಲ್ಲಿ ಆ ಔಷಧಕ್ಕೆ ಬಗ್ಗದ ಕ್ಷಯಾಣುಗಳೇ ಕಾಣಿಸಿಕೊಂಡವು. ಐಸೋನಿಯಾಜಿಡ್‌ಗೆ ಬಗ್ಗದ ಕ್ಷಯಾಣು ಸುಮಾರು ಹತ್ತು ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೊಂದು ತಾನಾಗಿಯೇ ಹುಟ್ಟುತ್ತದೆ. ಶ್ವಾಸಕೋಶದ ಒಂದು ಕುಳಿಯಲ್ಲಿ ಕೋಟಿಗಟ್ಟಲೆ ಕ್ಷಯಾಣುಗಳಿರುವುದರಿಂದ ಒಂದೇ ಔಷಧ ಕೊಟ್ಟರೆ ಅದಕ್ಕೆ ಬಗ್ಗದವು ಅಲ್ಲಿ ಮೊದಲೇ ಇರುತ್ತವೆ. ಎರಡಕ್ಕೂ ಒಟ್ಟಿಗೆ ಬಗ್ಗದಂಥದ್ದು ಹುಟ್ಟಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಕ್ಷಯಾಣುಗಳು ಬೇಕು, ಅಷ್ಟು ಯಾವ ರೋಗಿಯಲ್ಲೂ ಇರುವುದಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನು ಕೂಡಿಸಿ ಕೊಡುವುದರ ಹಿಂದೆ ಈ ಗುಣಾಕಾರವಿದೆ; ಆಮೇಲಿನ ತಿಂಗಳುಗಳು ಬೆಳೆಯದೆ ನಿದ್ರಿಸಿದಂತಿರುವ, ಔಷಧ ಸುಲಭವಾಗಿ ಮುಟ್ಟದ ಕ್ಷಯಾಣುಗಳಿಗಾಗಿ.

ಪ್ರಶ್ನೆ: ನಾನು ಬಿ.ಎಸ್ಸಿ. ಸೂಕ್ಷ್ಮಾಣು ವಿಜ್ಞಾನದ ವಿದ್ಯಾರ್ಥಿನಿ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮ. ಬ್ಯಾಕ್ಟೀರಿಯಾಗಳು ಔಷಧವನ್ನು ಕಂಡು ಅದನ್ನು ಎದುರಿಸಲು ಕಲಿಯುತ್ತವೆಯೇ? ಈ ವಿಷಯದಲ್ಲಿ ಸಂಶೋಧನೆ ಮಾಡಲು ನನ್ನಂಥವಳಿಗೆ ಏನಿದೆ? (ಕುಂಬಳೆ)

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ವಿಜ್ಞಾನಿಗಳೇ ವರ್ಷಗಟ್ಟಲೆ ಚರ್ಚಿಸಿದ್ದಾರೆ. 1943ರಲ್ಲಿ ಲುರಿಯಾ ಮತ್ತು ಡೆಲ್‌ಬ್ರೂಕ್ ವೈರಸ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಎಣಿಸಿ ಗಣಿತದಿಂದ ಉತ್ತರಿಸಿದರು. ಆದರೆ ತರಗತಿಯಲ್ಲಿ ನಾನು ಇಷ್ಟಪಟ್ಟು ಹೇಳುವುದು 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಪ್ರಕಟಿಸಿದ ಪ್ರಯೋಗವನ್ನು, ಏಕೆಂದರೆ ಅದಕ್ಕೆ ಬೇಕಾದದ್ದು ಒಂದು ತುಂಡು ಮಖಮಲ್ ಬಟ್ಟೆ. ಔಷಧವಿಲ್ಲದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ಮೇಲೆ ಆ ಬಟ್ಟೆಯನ್ನು ಒತ್ತಿ, ಅದೇ ಅಚ್ಚನ್ನು ಸ್ಟ್ರೆಪ್ಟೋಮೈಸಿನ್ ಇರುವ ತಟ್ಟೆಗಳ ಮೇಲೆ ಒತ್ತಿದರು. ಬದುಕಿದವು ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದಲ್ಲಿದ್ದವು. ಮೊದಲ ತಟ್ಟೆಯ ಅದೇ ಜಾಗದಿಂದ ಬ್ಯಾಕ್ಟೀರಿಯಾಗಳನ್ನು ತೆಗೆದು ಬೆಳೆಸುತ್ತ ಹೋದಾಗ, ಔಷಧದ ಒಂದು ಹನಿಯನ್ನೂ ಎಂದೂ ಮುಟ್ಟದೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ದೊರೆತವು. ಔಷಧ ಅವುಗಳಿಗೆ ಏನನ್ನೂ ಕಲಿಸಿರಲಿಲ್ಲ, ಮೊದಲೇ ಇದ್ದವುಗಳಿಗೆ ಜಾಗ ಮಾಡಿಕೊಟ್ಟಿತ್ತು. ಪೆನ್ಸಿಲಿನ್ ಅನ್ನು ಒಡೆಯುವ ಕಿಣ್ವವನ್ನು ಏಬ್ರಹಾಂ ಮತ್ತು ಚೇನ್ ವರದಿ ಮಾಡಿದ್ದು 1940ರಲ್ಲಿ, ಆ ಔಷಧ ಜನಸಾಮಾನ್ಯರ ಕೈಗೆ ಬರುವ ಮೊದಲೇ. ಕಡಿಮೆ ಪ್ರಮಾಣದ ಪೆನ್ಸಿಲಿನ್ ಬಳಕೆಯ ಅಪಾಯವನ್ನು ಫ್ಲೆಮಿಂಗ್ ತಮ್ಮ 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು.

ಇದಕ್ಕೆ ಒಂದು ಸೇರ್ಪಡೆ ಬೇಕು. ಬ್ಯಾಕ್ಟೀರಿಯಾಗಳು ಔಷಧದಿಂದ ಕಲಿಯದಿದ್ದರೂ ಒಂದರಿಂದೊಂದು ಪಡೆಯುತ್ತವೆ. ಪ್ಲಾಸ್ಮಿಡ್ ಎಂಬ ಸಣ್ಣ ಡಿ.ಎನ್.ಎ. ಉಂಗುರಗಳ ಮೂಲಕ ಹಲವು ಔಷಧಗಳಿಗೆ ಬಗ್ಗದ ಗುಣ ಒಮ್ಮೆಲೇ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧವನ್ನು ಸೋಲಿಸುವ ಜೀನ್ ಪ್ಲಾಸ್ಮಿಡ್ ಮೇಲಿರುವುದು 2015ರಲ್ಲಿ ಚೀನಾದಿಂದ ವರದಿಯಾಯಿತು. 2019ರಲ್ಲಿ ಭಾರತ ಕೋಳಿ, ಮೀನು, ಜಾನುವಾರು ಸಾಕಣೆಯಲ್ಲಿ ಆ ಔಷಧವನ್ನು ನಿಷೇಧಿಸಿತು. ಅದೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಔಷಧ ಪ್ರತಿರೋಧವೇ ನೇರ ಕಾರಣವೆಂದು ಅಂದಾಜಿಸಲಾಗಿದೆ.

ನಿಮಗೆ ಮಾಡಲು ಏನಿದೆ ಎಂದು ಕೇಳಿದ್ದೀರಿ. ಸ್ನಾತಕೋತ್ತರ ಪದವಿಯಲ್ಲಿ ಪಿ.ಸಿ.ಆರ್., ಜೀನೋಮ್ ಓದುವುದು, ಸಂಖ್ಯಾಶಾಸ್ತ್ರ ಇವುಗಳನ್ನು ಕಲಿಯುವಿರಿ, ಸಂಖ್ಯಾಶಾಸ್ತ್ರವನ್ನು ಮಾತ್ರ ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಿ. ಆದರೆ ಬಿಲ್ಲೆಯಿಟ್ಟು ವೃತ್ತ ಅಳೆಯುವ ಹಳೆಯ ಕೆಲಸವನ್ನು ಕಡೆಗಣಿಸಬೇಡಿ. ಅಗರ್ 4 ಮಿ.ಮೀ.ಗಿಂತ ದಪ್ಪವಾದರೆ ವೃತ್ತ ಕಿರಿದಾಗುತ್ತದೆ, ತೆಳುವಾದರೆ ಹಿಗ್ಗುತ್ತದೆ. ಕೈ ಅಷ್ಟು ತಪ್ಪಿದರೆ ಒಬ್ಬ ರೋಗಿಯ ವರದಿಯಲ್ಲಿ ಅಕ್ಷರವೇ ಬದಲಾಗಬಹುದು. ಆ ಶಿಸ್ತು ಕೈಗೆ ಹತ್ತಲು ನನ್ನ ವಿದ್ಯಾರ್ಥಿಗಳಿಗೆ ಒಂದಿಡೀ ಅವಧಿ ಬೇಕಾಗುತ್ತದೆ. ಈ ಪ್ರಯೋಗಗಳನ್ನು ಮನೆಯಲ್ಲಿ ಎಂದಿಗೂ ಮಾಡಬಾರದು.

ಭಾಷೆಯ ಬಗ್ಗೆ ನಿಮ್ಮ ಪತ್ರದಲ್ಲಿ ಸಂಕೋಚ ಕಾಣುತ್ತಿದೆ. ಇಂಗ್ಲಿಷ್ ಪಠ್ಯ ಒಂದು ವರ್ಷದ ಶ್ರಮದಲ್ಲಿ ಕೈವಶವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಯ ಬ್ಯಾಕ್ಟೀರಿಯಾಗಳ ಬಗ್ಗೆ ಒಂದಿಷ್ಟು ತಿಳಿಯುವುದು ಸುಲಭ. ಮನೆಗಳಲ್ಲಿ ಯಾರು ಯಾವ ಮಾತ್ರೆಯನ್ನು ಎಷ್ಟು ದಿನ ನುಂಗುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ, ಹಟ್ಟಿಗೆ ಏನು ಹಾಕುತ್ತಾರೆ ಎಂಬುದನ್ನು ತಿಳಿಯುವುದು ಕಷ್ಟ. ಅದಕ್ಕೆ ಅಂಗಳದಲ್ಲಿ ಕುಳಿತು ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಕೇಳಬೇಕು, ಒಪ್ಪಿಗೆ ಪತ್ರವನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು, ಅಜ್ಜಿಯೊಬ್ಬರು ‘ಮದ್ದು ಒಗ್ಗಿಹೋಗಿದೆ’ ಎಂದಾಗ ಅದನ್ನು ತಿದ್ದುವ ಮೊದಲು ಅವರು ಯಾವ ಮದ್ದಿನ ಬಗ್ಗೆ ಹೇಳುತ್ತಿದ್ದಾರೆಂದು ಕೇಳಿ ಬರೆದುಕೊಳ್ಳಬೇಕು. ಪದವಿ ಮುಗಿಯುವ ವರ್ಷದ ಕಿರು ಸಂಶೋಧನೆಗೆ ನಿಮ್ಮ ಓಣಿಯ ಇಪ್ಪತ್ತು ಮನೆಗಳಿಂದ ಈ ಕೆಲಸವನ್ನು ತೊಡಗಬಹುದು; ಪ್ರಶ್ನಾವಳಿಯ ಮೊದಲ ಕರಡನ್ನು ಕನ್ನಡದಲ್ಲಿಯೇ ಬರೆದು ಕಳಿಸಿದರೆ ನಾನು ನೋಡಿ ತಿದ್ದಿಕೊಡುತ್ತೇನೆ.